ಆಟಿ ಬಾರದೆ ತೆರೆಯದ ಮಣೆ

ಡೊಂಬಿವಲಿ ಪೂರ್ವದ ಹಳೆಯ ಕಟ್ಟಡವೊಂದರ ಎರಡನೇ ಮಾಳಿಗೆಯಲ್ಲಿ ಜಯಲತಾ ಅವರ ಮನೆ. ಬೆಳಿಗ್ಗೆ ಸ್ನಾನ ಮುಗಿಸಿ ದೇವರ ಮುಂದೆ ದೀಪ ಹಚ್ಚುತ್ತಾರೆ. ಸಹಸ್ರನಾಮ ಹೇಳುತ್ತಲೇ ಕುಕ್ಕರ್ ಇಡುತ್ತಾರೆ, ಪಲ್ಯಕ್ಕೆ ಒಗ್ಗರಣೆ ಹಾಕುತ್ತಾರೆ. ಮಗ ರಂಜನ್ ಡಬ್ಬಿ ಹಿಡಿದು ಠಾಣೆಯ ಲೋಕಲ್ ಹಿಡಿಯಲು ಓಡುವ ಹೊತ್ತಿಗೆ ನಾಮಗಳೂ ಮುಗಿದಿರುತ್ತವೆ, ಅಡುಗೆಯೂ ಮುಗಿದಿರುತ್ತದೆ. ಆಮೇಲೆ ಅಕ್ಕಪಕ್ಕದವರು ಬರುತ್ತಾರೆ. ಒಬ್ಬಳಿಗೆ ಸೊಸೆಯ ಚಿಂತೆ, ಇನ್ನೊಬ್ಬಳಿಗೆ ಸೊಸೈಟಿಯ ನೀರಿನ ಚಿಂತೆ. ಜಯಲತಾ ಬೀನ್ಸ್ ನಾರು ತೆಗೆಯುತ್ತಾ ಕೇಳುತ್ತಾರೆ. ಸಲಹೆ ಕೊಡುವ ಅಭ್ಯಾಸ ಅವರಿಗಿಲ್ಲ. ಬಂದವರು ಅರ್ಧ ಗಂಟೆ ಮಾತಾಡಿ, ತಮಗೆ ತಾವೇ ದಾರಿ ಕಂಡುಕೊಂಡು, "ನೀವು ಹೇಳಿದ್ದು ಸರಿ" ಎಂದು ಹೊರಡುತ್ತಾರೆ. ತಾವು ಹೇಳಿದ್ದೇನು ಎಂದು ಜಯಲತಾ ಕೇಳಲು ಹೋಗುವುದಿಲ್ಲ.

ಉಡುಪಿಯ ಹತ್ತಿರದ ಕಟಪಾಡಿಯಿಂದ ಮದುವೆಯಾಗಿ ಈ ಊರಿಗೆ ಬಂದಾಗ ಅವರಿಗೆ ಹಿಂದಿ ಬರುತ್ತಿರಲಿಲ್ಲ, ಮರಾಠಿಯಂತೂ ದೂರವೇ ಉಳಿಯಿತು. ಆದರೆ ಟೈಪಿಂಗ್ ಬರುತ್ತಿತ್ತು. ಕಲ್ಯಾಣದ ಟ್ರಾನ್ಸ್‌ಪೋರ್ಟ್ ಕಚೇರಿಯೊಂದರಲ್ಲಿ ಲಾರಿ ರಸೀದಿ ಟೈಪ್ ಮಾಡುವ ಕೆಲಸ ಸಿಕ್ಕಿತು. ಸ್ವಲ್ಪ ಕಾಲಕ್ಕೆ ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಆಗಿನ ಕಂಪ್ಯೂಟರಿಗೆ ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಪರದೆಯ ಮೂಲೆಯಲ್ಲಿ ಒಂದು ಗೀಟು ಮಿಟುಕುತ್ತಾ ಕೂತಿರುತ್ತಿತ್ತು. ಏನು ಬೇಕೆಂದು ನಾವೇ ಅಕ್ಷರದಲ್ಲಿ ಬರೆದು ಹೇಳಬೇಕು. ಡಾಸ್ ಎಂದು ಅದರ ಹೆಸರು. ಜೊತೆಯವರು ಹೆದರಿ ದೂರ ಸರಿದರೆ, ಜಯಲತಾ ಅವರಿಗೆ ಅದು ಹಿಡಿಸಿತು. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ, ತಪ್ಪು ಬರೆದರೆ ತಪ್ಪೆಂದು ಒಂದೇ ಸಾಲಿನಲ್ಲಿ ಹೇಳಿ ಸುಮ್ಮನಾಗುವ ಯಂತ್ರ. ಯಾರೂ ಕಲಿಸದೆ ಅವರು ಅದನ್ನು ಕಲಿತರು.

ಗಂಡ ವಸಂತಕುಮಾರ ಬಣ್ಣದ ಕಾರ್ಖಾನೆಯಲ್ಲಿ ಕೆಮಿಸ್ಟ್. ಹೆಂಡತಿಯ ಬಾಯಲ್ಲಿ ಕಂಪ್ಯೂಟರಿನ ಸುದ್ದಿ ಕೇಳಿ ಕೇಳಿ ಅವರಿಗೂ ಹುಚ್ಚು ಹತ್ತಿತು. ಸ್ಟೇಷನ್ ಹತ್ತಿರದ ಕ್ಲಾಸಿಗೆ ಹೋಗಿ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಕಲಿತರು, ಯಾರೋ ಮಾರುತ್ತಿದ್ದ ಬಣ್ಣದ ಪರದೆಯ ಯಂತ್ರವನ್ನು ಮನೆಗೆ ತಂದರು. ಅವರು ತಮ್ಮ ಜೀವನದಲ್ಲಿ ಪೂರ್ತಿ ಬರೆದು ಮುಗಿಸಿದ ಪ್ರೋಗ್ರಾಮ್ ಒಂದೇ. ಅದು ಚೆನ್ನೆಮಣೆ.

ತುಳುನಾಡಿನವರಿಗೆ ಚೆನ್ನೆಮಣೆ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗೆ ಇಷ್ಟು ಸಾಕು: ಮರದ ಮಣೆ, ಅದರಲ್ಲಿ ಎರಡು ಸಾಲು, ಸಾಲಿಗೆ ಏಳೇಳು ಗುಳಿ, ಗುಳಿಗೆ ನಾಲ್ಕು ನಾಲ್ಕು ಕೆಂಪು ಬೀಜ. ಒಂದು ಗುಳಿಯ ಬೀಜಗಳನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತಾ ಹೋಗುವುದು, ಖಾಲಿ ಗುಳಿ ಸಿಕ್ಕಾಗ ಅದರಾಚೆಯದನ್ನು ಗೆದ್ದುಕೊಳ್ಳುವುದು. ಈ ಆಟಕ್ಕೆ ಎರಡು ಕಟ್ಟುಪಾಡು. ಆಷಾಢದ ಮಳೆ ಸುರಿಯುವ ಆಟಿ ತಿಂಗಳಲ್ಲಿ ಮಾತ್ರ ಆಡಬೇಕು. ಆಟಿ ಕಳೆದ ಮೇಲೆ ಮಣೆ ಅಟ್ಟಕ್ಕೆ. ಮತ್ತೆ, ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದು. ಯಾವುದೋ ಕಾಲದಲ್ಲಿ ಅಕ್ಕತಂಗಿಯರಿಬ್ಬರು ಆಡಿ, ಜಗಳಕ್ಕೆ ಬಿದ್ದು, ಒಬ್ಬಳು ಇನ್ನೊಬ್ಬಳ ತಲೆಗೆ ಮಣೆಯಿಂದಲೇ ಹೊಡೆದಳಂತೆ.

ಜಯಲತಾ ಅವರಿಗೆ ಒಬ್ಬಳೇ ಅಕ್ಕ, ವಾರಿಜ. ಆಗ ಕಲ್ಯಾಣದಲ್ಲಿದ್ದರು. ಇಬ್ಬರಿಗೂ ಚೆನ್ನೆಯೆಂದರೆ ಪ್ರಾಣ, ಇಬ್ಬರೂ ಕೂಡಿ ಆಡುವಂತಿಲ್ಲ. ವಸಂತಕುಮಾರ ಅದಕ್ಕೊಂದು ದಾರಿ ಮಾಡಿದರು. "ನೀವಿಬ್ಬರು ಆಡ್ಬೇಡಿ. ಒಬ್ಬೊಬ್ಬರಾಗಿ ಮಿಷನ್ನಿನ ಜತೆ ಆಡಿ. ಸಿಟ್ಟು ಬಂದ್ರೆ ಮಿಷನ್ನಿಗೆ ಹೊಡೀರಿ." ವರ್ಷವರ್ಷವೂ ಆಟಿಯಲ್ಲಿ ವಾರಿಜಕ್ಕ ಕೆಸುವಿನೆಲೆಯ ಪತ್ರೊಡೆ ಕಟ್ಟಿಕೊಂಡು ಕಲ್ಯಾಣದಿಂದ ಬರುತ್ತಿದ್ದರು. ಪರದೆಯ ಮೇಲೆ ಕೆಂಪು ಚುಕ್ಕಿಗಳು ಟಿಕ್, ಟಿಕ್ ಎಂದು ಒಂದೊಂದಾಗಿ ಗುಳಿಗೆ ಬೀಳುತ್ತಿದ್ದವು. ಅಕ್ಕ ಆಡುವಾಗ ತಂಗಿ ಹಿಂದೆ ನಿಂತು ಮೂದಲಿಸುವುದು, ತಂಗಿ ಆಡುವಾಗ ಅಕ್ಕ ಮೂದಲಿಸುವುದು. ಮಣೆ ಇಲ್ಲದ್ದರಿಂದ ತಲೆ ಒಡೆಯುವ ಭಯವೂ ಇರಲಿಲ್ಲ.

ವಸಂತಕುಮಾರ ತೀರಿಕೊಂಡು ಕೆಲವು ವರ್ಷಗಳಾದವು. ವಾರಿಜಕ್ಕ ಈಗ ಕಾಮೋಠೆಯಲ್ಲಿ ಮಗ ಅನಿಲಕುಮಾರ, ಸೊಸೆ ವಿಶ್ರುತ ಇವರ ಜೊತೆಗಿದ್ದಾರೆ. ವಿಶ್ರುತ ವಿಜಯಪುರದ ಕಡೆಯವಳು, ಹುಟ್ಟಿ ಬೆಳೆದದ್ದು ಘಣಸೋಲಿಯಲ್ಲಿ. ಅವಳು ಮನೆಗೆ ಕಾಲಿಟ್ಟ ದಿನದಿಂದ ಅಕ್ಕತಂಗಿಯರು ಅವಳೆದುರು ತುಳು ಬಿಟ್ಟು ಕನ್ನಡದಲ್ಲೇ ಮಾತಾಡುತ್ತಾರೆ, ಹುಡುಗಿಗೆ ತಾನು ಹೊರಗಿನವಳು ಅನ್ನಿಸಬಾರದೆಂದು.

ದೀಪಾವಳಿ ಕಳೆದ ಮೇಲೆ ವಾರಿಜಕ್ಕನಿಗೆ ಸಣ್ಣದೊಂದು ಲಕ್ವ ಹೊಡೆಯಿತು. ಜೀವಕ್ಕೆ ಅಪಾಯವಾಗಲಿಲ್ಲ. ಬಾಯಿ ಸೊಟ್ಟಗಾಗಲಿಲ್ಲ. ಬಲಗೈ ಮತ್ತು ಬಲಗಾಲು ಬಲ ಕಳೆದುಕೊಂಡವು, ಅಷ್ಟೇ. ದಿನಾ ಅಭ್ಯಾಸ ಮಾಡಿದರೆ ಬರುತ್ತದೆ ಎಂದು ಡಾಕ್ಟರು ಹೇಳಿದರು. ಆದರೆ ವಾರಿಜಕ್ಕ ಅಭ್ಯಾಸ ಮಾಡಲಿಲ್ಲ. ಫಿಜಿಯೋದ ಹುಡುಗಿ ಕೈಗೆ ರಬ್ಬರ್ ಚೆಂಡು ಕೊಟ್ಟರೆ ಬಿಟ್ಟುಬಿಡುತ್ತಿದ್ದರು. ಅದು ಮಂಚದ ಕೆಳಗೆ ಉರುಳುತ್ತಿತ್ತು. ಮಾತು ನಿಂತಿರಲಿಲ್ಲ, ಅವರೇ ನಿಲ್ಲಿಸಿದ್ದರು. ಏನು ಕೇಳಿದರೂ "ಹೂಂ". ಅನ್ನ ಬೇಕೇ ಎಂದರೂ ಹೂಂ, ಬೇಡವೇ ಎಂದರೂ ಹೂಂ.

ಜಯಲತಾ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದರು. ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಇಳಿದು ಪನ್ವೇಲ್ ಲೋಕಲ್, ಮಾನಸರೋವರದಲ್ಲಿ ಇಳಿದರೆ ಅಲ್ಲಿಂದ ಶೇರ್ ರಿಕ್ಷಾ. ದಾರಿಯುದ್ದಕ್ಕೂ ಜಪ. ಅಲ್ಲಿ ಹೋಗಿ ಅಕ್ಕನ ಮಂಚದ ಪಕ್ಕ ಕೂರುತ್ತಿದ್ದರು. ಏನನ್ನೂ ಹೇಳದವರ ಮಾತನ್ನೂ ಕೇಳಬಹುದು ಎಂದು ಅವರಿಗೆ ಗೊತ್ತಿತ್ತು. ಅದಕ್ಕೆ ಹೊತ್ತು ಹೆಚ್ಚು ಬೇಕು, ಅಷ್ಟೇ.

ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಹಾಗೆ ಕೂತಿದ್ದಾಗ, ಹೊದಿಕೆಯ ಮೇಲೆ ಅಕ್ಕನ ಎಡಗೈ ಬೆರಳು ಆಡುತ್ತಿರುವುದು ಅವರ ಕಣ್ಣಿಗೆ ಬಿತ್ತು. ಒಂದೆಡೆ ತಟ್ಟುವುದು, ಪಕ್ಕಕ್ಕೆ ಸರಿಯುವುದು, ತಟ್ಟುವುದು. ಹೊದಿಕೆಯ ಅಂಚಿನವರೆಗೆ ಹೋಗಿ, ತಿರುಗಿ, ಕೆಳಗಿನ ಸಾಲಿನಲ್ಲಿ ವಾಪಸ್ಸು. ಜಯಲತಾ ನೋಡಿಯೇ ನೋಡಿದರು.

"ಅಕ್ಕಾ, ಅಲ್ಲಿ ಖಾಲಿ ಗುಳಿ ಬಂತು. ಆಚೆದ್ದು ನಿಂದು," ಅಂದರು.

ಬೆರಳು ನಿಂತಿತು. ವಾರಿಜಕ್ಕ ತಂಗಿಯ ಮುಖ ನೋಡಿದರು.

"ವಸಂತನ ಮಿಷನ್ ಉಂಟಾ ಇನ್ನೂ?"

ಅಡುಗೆಮನೆಯಿಂದ ವಿಶ್ರುತ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಸಣ್ಣತ್ತಿ, ಅತ್ತಿ ಏನಂದ್ರು ಈಗ?"

"ಮಿಷನ್ ಗುಜರಿಯವನಿಗೆ ಹೋಯ್ತು ಅಕ್ಕಾ. ಆಟ ಉಂಟು. ರಂಜನ್ ಹತ್ರ ಕಾಪಿ ಉಂಟು." ಜಯಲತಾ ಕೇಳಿದರು, "ಮರದ್ದೇ ಮಣೆ ತರ್ಲಾ?"

"ನಿನ್ನೊಟ್ಟಿಗೆ ಆಡ್ಲಿಕ್ಕುಂಟಾ?" ವಾರಿಜಕ್ಕ ಬಲಗೈಯನ್ನು ಕಣ್ಣಿನಿಂದಲೇ ತೋರಿಸಿದರು. "ಇದರಲ್ಲಿ ಬೀಜ ಹಿಡಿಲಿಕ್ಕುಂಟಾ?" ಅಷ್ಟಂದು ಗೋಡೆಯ ಕಡೆ ಹೊರಳಿದರು. ಆಮೇಲೆ ಮತ್ತೆ ಹೂಂ ಮಾತ್ರ.

ವಿಶ್ರುತ ಜಯಲತಾ ಅವರನ್ನು ಲಿಫ್ಟಿನವರೆಗೆ ಕಳಿಸಲು ಬಂದಳು. "ಎಷ್ಟು ದಿನಾ ಆದ ಮ್ಯಾಲೆ ಇಷ್ಟು ಮಾತಾಡಿದ್ರು ನೋಡ್ರಿ. ಅದೇನರ ಇರ್ಲಿ ಸಣ್ಣತ್ತಿ, ಹೆಂಗರ ಮಾಡಿ ತೊಗೊಂಡ್ ಬರ್ರಿ. ಹಿಂಗ ಮಲಗಿದ್ರ ಆ ಕೈ ಹಂಗ ಉಳಿತೈತಂತ ಡಾಕ್ಟರ್ ಮೊನ್ನೆ ಸಾಫ್ ಹೇಳ್ಯಾರ."

ಮರುದಿನ ಸಂಜೆ ಚಹಾ ಕುಡಿಯುವಾಗ ಜಯಲತಾ ಮಗನಲ್ಲಿ ವಿಷಯ ತೆಗೆದರು. ರಂಜನ್ ಮೊದಲು ಫೋನ್ ತೆರೆದು ತೋರಿಸಿದ. "ಅಮ್ಮ, ಇದೇ ಆಟ ಫೋನಲ್ಲೂ ಸಿಗ್ತದೆ. ಕಲರ್ ಕಲರ್ ಉಂಟು."

"ಅದನ್ನು ವಿಶ್ರುತ ತೋರಿಸಿ ಆಗಿದೆ. ಮಧ್ಯದಲ್ಲಿ ಯಾರೋ ಬಂದು ಸಾಲ ಬೇಕಾ ಅಂತ ಕೇಳಿದ್ರಂತೆ. ನಿನ್ನ ದೊಡ್ಡಮ್ಮ ಫೋನ್ ಕವುಚಿ ಇಟ್ಟಳು."

ರಂಜನ್ ನಕ್ಕ. ಅಪ್ಪನ ಆಟ ಇಂದಿನ ಲ್ಯಾಪ್‌ಟಾಪಿನಲ್ಲಿ ಹಾಗೇ ಓಡುವುದಿಲ್ಲ, ಡಾಸ್ ಇದ್ದರೆ ಮಾತ್ರ ಓಡುವಂಥದ್ದು ಎಂದು ವಿವರಿಸಿದ. ಆದರೆ ಡಾಸಿನ ಹಾಗೆ ನಟಿಸುವ ಒಂದು ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದು ಹೊಸ ಯಂತ್ರದೊಳಗೆ ಹಳೆಯ ಯಂತ್ರವೊಂದನ್ನು ಕಟ್ಟಿಕೊಡುತ್ತದೆ. ಒಳಗಿರುವ ಆಟಕ್ಕೆ ತಾನು ಹಳೆಯ ಕಾಲದಲ್ಲೇ ಇದ್ದೇನೆ ಎಂಬ ಭ್ರಮೆ. ತನ್ನ ಹಳೆಯ ಲ್ಯಾಪ್‌ಟಾಪಿಗೆ ಅದನ್ನು ಇಳಿಸಿ, ಪೆನ್‌ಡ್ರೈವಿನಿಂದ ಅಪ್ಪನ ಫೈಲುಗಳನ್ನು ಹಾಕಿಕೊಟ್ಟ. ಆಟ ಶುರು ಮಾಡಿದ. ಪರದೆ ಒಮ್ಮೆ ಕಣ್ಣು ಹೊಡೆದ ಹಾಗೆ ಮಿಂಚಿ, ಮತ್ತೆ ಕಪ್ಪಾಯಿತು. ಇನ್ನೊಮ್ಮೆ ಮಾಡಿದ. ಅದೇ ಮಿಂಚು, ಅದೇ ಕಪ್ಪು.

"ಫೈಲ್ ಹಾಳಾಗಿರ್ಬೇಕಮ್ಮ. ಎಷ್ಟು ಹಳೇದಲ್ವಾ."

"ಇರ್ಲಿ, ಇಟ್ಟು ಹೋಗು. ನಾನು ನೋಡ್ತೇನೆ."

"ನೋಡಿ. ಅಪ್ಪನ ಯಂತ್ರ ನಿಮ್ಮ ಮಾತೇ ಕೇಳುದು."

ಮರುದಿನದಿಂದ ಮಧ್ಯಾಹ್ನದ ಊಟವಾದ ಮೇಲೆ ಜಯಲತಾ ಲ್ಯಾಪ್‌ಟಾಪಿನ ಮುಂದೆ ಕೂತರು. ಕಪ್ಪು ಪರದೆ, ಮೂಲೆಯಲ್ಲಿ ಮಿಟುಕುವ ಗೀಟು. ಎಷ್ಟೋ ವರ್ಷದ ಹಿಂದಿನ ಜೊತೆಗಾರ್ತಿ ಸಂತೆಯಲ್ಲಿ ಎದುರಾದ ಹಾಗಾಯಿತು. ಬೆರಳುಗಳಿಗೆ ಎಲ್ಲ ನೆನಪಿತ್ತು. ಫೋಲ್ಡರ್ ತೆರೆಯುವುದು, ಒಳಗೇನಿದೆ ಎಂದು ಕೇಳುವುದು, ಹೆಸರು ಬರೆದು ಓಡಿಸುವುದು. ಎಲ್ಲ ಸರಿ, ಆಟ ಮಾತ್ರ ಮಿಂಚಿ ಹೋಗುತ್ತಿತ್ತು. ಒಮ್ಮೆ ಮೌಸಿನ ಬಾಣದ ಗುರುತು ಆ ಕಪ್ಪು ಚೌಕದೊಳಗೆ ಸಿಕ್ಕಿಬಿದ್ದು ಹೊರಗೇ ಬರಲಿಲ್ಲ. ಅವರು ಗಾಬರಿಯಾಗದೆ ಲ್ಯಾಪ್‌ಟಾಪ್ ಮುಚ್ಚಿ, ದೇವರಿಗೆ ಹೂಬತ್ತಿ ಮಾಡಲು ಹೋದರು. ಸಂಜೆ ರಂಜನ್ ಅದನ್ನು ಬಿಡಿಸುವ ಕೀಲಿ ಹೇಳಿಕೊಟ್ಟ.

ಆ ಸಾಫ್ಟ್‌ವೇರಿನ ಜೊತೆ ಅದರ ಸೆಟ್ಟಿಂಗಿನ ಫೈಲ್ ಒಂದಿತ್ತು. ಉದ್ದಕ್ಕೆ ಇಂಗ್ಲಿಷ್ ಸಾಲುಗಳು. ಪ್ರತಿ ಸಾಲಿಗೆ ಮೇಲೆ ಅದು ಏತಕ್ಕೆಂದು ಸಣ್ಣ ವಿವರಣೆ. ಜಯಲತಾ ಅದನ್ನು ಸಹಸ್ರನಾಮದ ಅರ್ಥ ಓದಿದ ಹಾಗೆ ಓದಿದರು, ದಿನಕ್ಕೆ ಸ್ವಲ್ಪ, ಅರ್ಥವಾಗದ್ದನ್ನು ಬಿಟ್ಟು ಮುಂದೆ, ಮತ್ತೆ ಹಿಂದೆ ಬಂದು. ಪರದೆ ಎಷ್ಟು ದೊಡ್ಡದಿರಬೇಕು, ಸದ್ದು ಹೇಗಿರಬೇಕು, ಯಂತ್ರದ ನೆನಪು ಎಷ್ಟಿರಬೇಕು ಎಲ್ಲವನ್ನೂ ಅಲ್ಲಿ ಬರೆದು ಬದಲಿಸಬಹುದಿತ್ತು. ಒಂದು ಕಡೆ ವೇಗದ ಮಾತು ಬಂತು. ಒಳಗಿನ ಹಳೆಯ ಯಂತ್ರ ಎಷ್ಟು ಬೇಗ ಕೆಲಸ ಮಾಡಬೇಕೆಂದು ಅಲ್ಲಿ ಹೇಳಬಹುದು. ಏನೂ ಹೇಳದಿದ್ದರೆ ತನಗೆ ತೋಚಿದಷ್ಟು ಓಡುತ್ತದೆ.

ಅಲ್ಲಿ ಅವರಿಗೆ ಗಂಡನ ಮಾತು ನೆನಪಾಯಿತು. ಬೀಜ ಒಂದೊಂದಾಗಿ ಬೀಳಬೇಕಾದರೆ ನಡುವೆ ಯಂತ್ರಕ್ಕೆ ಸುಮ್ಮನೆ ಲೆಕ್ಕ ಎಣಿಸಲು ಹೇಳಬೇಕು, ಎಣಿಸುವಷ್ಟು ಹೊತ್ತು ಅದು ತಡೆಯುತ್ತದೆ ಎಂದು ವಸಂತಕುಮಾರ ಹೇಳುತ್ತಿದ್ದರು. ಆ ಕಾಲದ ಯಂತ್ರ ಉಸಿರು ಬಿಟ್ಟು ಬಿಟ್ಟು ಎಣಿಸುತ್ತಿತ್ತು. ಇದೋ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಎಣಿಸಿ ಮುಗಿಸುತ್ತದೆ. ಹಾಗಾದರೆ ಆಟ ಹಾಳಾಗಿಲ್ಲ. ಅದು ಏನೋ ಹೇಳುತ್ತಿದೆ, ತುಂಬಾ ಬೇಗ ಹೇಳುತ್ತಿದೆ. ನಮಗೆ ಕೇಳಿಸುತ್ತಿಲ್ಲ.

ಜಯಲತಾ ವೇಗವನ್ನು ತಗ್ಗಿಸಿದರು. ಸಾಲದಾಯಿತು. ಇನ್ನೂ ತಗ್ಗಿಸಿದರು. ಕಡೆಗೆ ತಮ್ಮ ಕಚೇರಿಯ ಯಂತ್ರದಲ್ಲಿ ಅಕ್ಷರಗಳು ಹೇಗೆ ಒಂದರ ಹಿಂದೊಂದು ಬರುತ್ತಿದ್ದವೋ ಹಾಗೆ ಬರುವಷ್ಟು ಮಂದ ಮಾಡಿದರು. ಆಟ ಶುರು ಮಾಡಿದರು. ಈ ಸಲ ಮಿಂಚಲಿಲ್ಲ. ಪರದೆಯ ನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ ತುಳುವಿನ ಸಾಲೊಂದು ಬಂದು ನಿಂತಿತು:

ಆಟಿ ಬೈದಿಜಿ.

ಆಟಿ ಬಂದಿಲ್ಲ. ಸ್ವಲ್ಪ ಹೊತ್ತು ಹಾಗೇ ಇದ್ದು, ಪರದೆ ಕಪ್ಪಾಯಿತು.

ಜಯಲತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಗುತ್ತಾ ಕಣ್ಣು ತುಂಬಿತು. ಗಂಡ ಆಟಕ್ಕೆ ಬೀಗ ಹಾಕಿದ್ದರು. ಕಂಪ್ಯೂಟರಿನ ತಾರೀಖು ನೋಡಿ, ಆಟಿಯಾದರೆ ಮಾತ್ರ ಮಣೆ ಬಿಚ್ಚುವುದು. ಇಷ್ಟು ವರ್ಷ ಇದು ತನಗೆ ಗೊತ್ತೇ ಆಗಿರಲಿಲ್ಲ. ಆಟಿ ಅಲ್ಲದ ದಿನ ತಾನು ಯಾವತ್ತೂ ಅದನ್ನು ತೆರೆದದ್ದೇ ಇಲ್ಲವಲ್ಲ. ಮನೆಯ ಹಿರಿಯರ ಕಿರಿಕಿರಿಗೆ ಹೆದರಿ ಹಾಕಿರಬೇಕು, ಪಾಪ.

ಬೀಗ ತೆಗೆಯುವುದು ಕಷ್ಟವಿರಲಿಲ್ಲ. ಒಳಗಿನ ಹಳೆಯ ಯಂತ್ರಕ್ಕೆ ಬೇರೆ ತಾರೀಖು ಹೇಳಿದರಾಯಿತು. ಹೊರಗೆ ಲ್ಯಾಪ್‌ಟಾಪಿಗೆ ಅದರ ಗೊಡವೆಯೇ ಇಲ್ಲ. ಅಲ್ಲಿ ಫೆಬ್ರವರಿಯೇ ಇರುತ್ತದೆ. ಸೆಟ್ಟಿಂಗಿನ ಫೈಲಿನ ಕೊನೆಯಲ್ಲಿ ಒಂದು ಸಾಲು ಬರೆದರೆ ಪ್ರತಿ ಸಲ ಅದೇ ತಾನಾಗಿ ಆಟಿ ತಿಂಗಳು ಮಾಡಿಕೊಳ್ಳುತ್ತದೆ. ಜಯಲತಾ ಆ ಸಾಲು ಬರೆದರು. ಉಳಿಸಲು ಕೈ ಹೋಗಲಿಲ್ಲ.

ಆಟಿ ಅಲ್ಲದಾಗ ಮಣೆ ಇಳಿಸಬಾರದು ಎಂದು ಅಮ್ಮ ಹೇಳಿದ್ದು, ಅಮ್ಮನಿಗೆ ಅವಳಮ್ಮ ಹೇಳಿದ್ದು. ಏಕೆಂದು ಯಾರೂ ಕೇಳಿರಲಿಲ್ಲ, ಜಯಲತಾ ಸಹ. ಕೇಳದೆ ನಡೆಸಿಕೊಂಡು ಬಂದದ್ದು ಎಷ್ಟೋ ಇದೆ, ಅದರಿಂದ ಮನೆಗೆ ಕೇಡೇನೂ ಆಗಿಲ್ಲ. ಈಗ ಸುಳ್ಳು ತಾರೀಖು ಹೇಳಿ ಮಣೆ ಬಿಚ್ಚುವುದೆಂದರೆ ಯಂತ್ರಕ್ಕೆ ಮಾಡುವ ಮೋಸವೋ, ಹಿರಿಯರಿಗೆ ಮಾಡುವ ಮೋಸವೋ? ಅತ್ತ ಕಾಮೋಠೆಯಲ್ಲಿ ಅಕ್ಕನ ಕೈ ಹೊದಿಕೆಯ ಮೇಲೆ ಬಿದ್ದಿದೆ. ಆಟಿ ಬರಲು ಇನ್ನೂ ಎಷ್ಟೋ ತಿಂಗಳು. ಅಷ್ಟು ದಿನ ಆ ಕೈ ಕಾಯುವುದಿಲ್ಲ.

ಎದ್ದು ದೇವರ ಮುಂದೆ ಹೋಗಿ ನಿಂತರು. "ತಪ್ಪಾದ್ರೆ ನನ್ನ ಮೇಲಿರ್ಲಿ. ಅವಳ ಮೇಲೆ ಹಾಕ್ಬೇಡ," ಅಂದು ಬಂದು ಸಾಲನ್ನು ಉಳಿಸಿದರು.

ಮಣೆ ತೆರೆಯಿತು. ಹದಿನಾಲ್ಕು ಗುಳಿ, ಕೆಂಪು ಚುಕ್ಕಿ, ಬೀಜ ಬೀಳುವಾಗ ಅದೇ ಟಿಕ್, ಟಿಕ್.

ಇನ್ನೊಂದು ತೊಡಕು ಉಳಿದಿತ್ತು. ಗುಳಿ ಆರಿಸಲು ಒಂದರಿಂದ ಏಳರವರೆಗಿನ ಅಂಕಿಗಳನ್ನು ಒತ್ತಬೇಕು. ಲ್ಯಾಪ್‌ಟಾಪಿನಲ್ಲಿ ಅಂಕಿಗಳು ಮೇಲ್ಗಡೆ ಸಾಲಿನಲ್ಲಿ. ಜಯಲತಾ ತಮ್ಮ ಬಲಗೈಯನ್ನು ಶಕ್ತಿ ಇಲ್ಲದ ಹಾಗೆ ಮೇಜಿನ ಮೇಲೆ ಬಿಟ್ಟು, ಬೆರಳು ಮಾತ್ರ ಚಾಚಿ ನೋಡಿದರು. ಅಷ್ಟು ದೂರ ಎಟುಕದು. ಕೆಳಗಿನ ಅಕ್ಷರಗಳ ಸಾಲು ಮಾತ್ರ ಎಟುಕುತ್ತಿತ್ತು. ಅಲ್ಲಿರುವ ಅಕ್ಷರಗಳೂ ಏಳೇ. ಯಾವ ಕೀಲಿ ಒತ್ತಿದರೆ ಒಳಗಿನ ಯಂತ್ರಕ್ಕೆ ಯಾವುದು ಒತ್ತಿದಂತಾಗಬೇಕು ಎಂದು ತಿದ್ದುವ ಪುಟವೂ ಆ ಸಾಫ್ಟ್‌ವೇರಿನಲ್ಲಿತ್ತು. ಏಳು ಕೀಲಿಗಳನ್ನು ಏಳು ಗುಳಿಗಳಿಗೆ ಹೊಂದಿಸಿದರು. ಗುರುತಿಗೆ ತಾವು ಹಣೆಗಿಡುವ ಟಿಕಲಿಯ ಚೀಟಿಯಿಂದ ಕೆಂಪು ಟಿಕಲಿ ತೆಗೆದು ಒಂದೊಂದು ಕೀಲಿಗೆ ಅಂಟಿಸಿದರು. ಸಂಜೆ ಬಂದ ರಂಜನ್ ಅದನ್ನು ನೋಡಿ, "ಲ್ಯಾಪ್‌ಟಾಪಿಗೆ ಅರಶಿನ ಕುಂಕುಮ ಆಯ್ತಾ?" ಎಂದ. "ಆಯ್ತು, ಉಡಿ ತುಂಬುದು ಬಾಕಿ," ಅಂದರು ಜಯಲತಾ.

ಭಾನುವಾರ ಲ್ಯಾಪ್‌ಟಾಪನ್ನು ಸೀರೆಯಲ್ಲಿ ಸುತ್ತಿ ಚೀಲಕ್ಕಿಟ್ಟು ಕಾಮೋಠೆಗೆ ಹೋದರು. ವಿಶ್ರುತ ಅತ್ತೆಯನ್ನು ಎಬ್ಬಿಸಿ ದಿಂಬಿಗೆ ಒರಗಿಸಲು ಹೊರಟಳು. ಜಯಲತಾ ತಡೆದರು. "ಮಂಚದಲ್ಲಿ ಬೇಡ. ಮೇಜಿನ ಹತ್ರ ಕುರ್ಚಿ ಹಾಕು. ಚೆನ್ನೆ ಮಲಗಿಕೊಂಡು ಆಡುದಲ್ಲ."

ವಾರಿಜಕ್ಕ ಹೂಂ ಅಂದರು. ಇಬ್ಬರೂ ಹಿಡಿದುಕೊಂಡು ಕುರ್ಚಿಗೆ ತಂದರು. ಪರದೆಯ ಮೇಲೆ ಮಣೆ ಮೂಡಿತು. ವಾರಿಜಕ್ಕನ ಎಡಗೈ ಮುಂದೆ ಬಂತು. ಜಯಲತಾ ಅದನ್ನು ಮೆಲ್ಲನೆ ಹಿಡಿದು ತೊಡೆಯ ಮೇಲಿಟ್ಟರು. ಬಲಗೈಯನ್ನು ಎತ್ತಿ ಟಿಕಲಿಗಳ ಹತ್ತಿರ ಇಟ್ಟರು.

"ಎಡಗೈಯಲ್ಲಿ ಬಿತ್ತಿದ್ರೆ ಬೆಳೆ ಬರುದಿಲ್ಲ."

ವಾರಿಜಕ್ಕ ತಂಗಿಯನ್ನು ಸಿಟ್ಟಿನ ಕಣ್ಣಿನಿಂದ ನೋಡಿದರು. ಬೆರಳು ನಡುಗಿತು, ತಪ್ಪಿ ಪಕ್ಕದ ಕೀಲಿಗೆ ಬಿತ್ತು. ಟಿಕ್, ಟಿಕ್, ಟಿಕ್. ಬೇಡದ ಗುಳಿಯ ಬೀಜಗಳು ಸಾಲಾಗಿ ಹೋದವು. ಯಂತ್ರ ತನ್ನ ಸರದಿ ಆಡಿ ಒಂದು ಗುಳಿಯ ಬೀಜ ಗೆದ್ದುಕೊಂಡಿತು.

"ನೋಡು, ಕೊಟ್ಟೆಯಲ್ಲ. ಮೊದಲಿಂದಲೂ ಹೀಗೇ ನೀನು. ಆ ಮೂಲೆ ಗುಳಿ ಕಾಯ್ಲಿಕ್ಕೆ ಬರುದೇ ಇಲ್ಲ ನಿನಗೆ," ಅಂದರು ಜಯಲತಾ, ಕುರ್ಚಿಯ ಹಿಂದೆ ನಿಂತು.

ವಾರಿಜಕ್ಕ ಬೆರಳನ್ನು ಸರಿಸಿದರು. ಈ ಸಲ ಸರಿಯಾದ ಟಿಕಲಿಯ ಮೇಲೆ ಬಿತ್ತು. ಇನ್ನೊಂದು. ಮತ್ತೊಂದು. ಹಣೆಯ ಮೇಲೆ ಬೆವರು ಬಂತು. ವಿಶ್ರುತ ಸೆಕೆಯಾಗುತ್ತಿದೆಯೆಂದು ಫ್ಯಾನ್ ಹಾಕಲು ಹೋದಳು. ಆಗ ಬೆರಳು ತಟಕ್ಕನೆ ನಿಂತಿತು.

"ಜಯಾ. ಇದು ಯಾವ ತಿಂಗಳು?"

ಸುಳ್ಳು ಹೇಳಲು ಜಯಲತಾ ಅವರಿಗೆ ಬರುವುದಿಲ್ಲ. "ಮಾಯಿ. ಆಟಿಗೆ ಇನ್ನೂ ತುಂಬಾ ದಿನ ಉಂಟು."

"ಮತ್ತೆ ಇದು ಹೇಗೆ ತೆರೀತು?"

"ತಾರೀಖು ಬದಲಿಸಿದೆ."

ವಾರಿಜಕ್ಕ ಕುರ್ಚಿಯಲ್ಲೇ ಅರ್ಧ ತಿರುಗಿದರು. "ಬೀಗ ಮುರಿದಿಯಾ? ನಿನಗೆ ಅಷ್ಟು ಧೈರ್ಯ ಬಂತಾ? ಬೆಳಿಗ್ಗೆ ಎದ್ದು ಸಾವಿರ ನಾಮ ಹೇಳ್ತಿ, ಆಟಿ ಅಲ್ಲದ ತಿಂಗಳಲ್ಲಿ ಮಣೆ ಇಳಿಸ್ತಿ. ಅಮ್ಮ ಇದ್ದಿದ್ರೆ ನಿನ್ನ ಕೈಗೆ ಸೌಟಲ್ಲಿ ಕೊಡ್ತಿದ್ಲು. ಒಂದು ಮಾತು ನನ್ನನ್ನು ಕೇಳ್ಲಿಕ್ಕೆ ಎಂತ ಆಗಿತ್ತು ನಿನಗೆ? ಬಾಯಿ ಹೋಗಿತ್ತಾ?"

ವಿಶ್ರುತ ಫ್ಯಾನಿನ ಗುಂಡಿಯ ಮೇಲೆ ಕೈಯಿಟ್ಟವಳು ಹಾಗೇ ನಿಂತಳು. ದೀಪಾವಳಿಯಿಂದ ಈಚೆಗೆ ಆ ಮನೆಯಲ್ಲಿ ಇಷ್ಟು ಉದ್ದದ ಮಾತು ಕೇಳಿಸಿರಲಿಲ್ಲ. ಜಯಲತಾ ಬೈಗುಳವನ್ನು ಪೂರ್ತಿ ಕೇಳಿದರು, ಒಂದಕ್ಷರ ಬಿಡದೆ, ಪ್ರಸಾದ ತೆಗೆದುಕೊಳ್ಳುವ ಹಾಗೆ.

"ಅವರು ಹಾಕಿದ ಬೀಗ ನಾನು ತೆಗೆದೆ ಅಕ್ಕಾ. ತಪ್ಪಾದ್ರೆ ನನ್ನದೇ."

"ವಸಂತ ಹಾಕಿದ್ದಲ್ಲ. ಹಾಕಿಸಿದ್ದು ನಾನು."

"ನೀನಾ?"

"ನಾನೇ. ನೀನು ಆಫೀಸಿಗೆ ಹೋದಾಗ ಕಲ್ಯಾಣದಿಂದ ಬಂದು ಆಡ್ತಿದ್ದೆ. ಆಟಿ ಇಲ್ಲ, ಸೋಣ ಇಲ್ಲ, ಯಾವ ತಿಂಗಳೂ ಇಲ್ಲ. ಮನೆಯಲ್ಲಿ ಅನಿಲ ಶಾಲೆಯಿಂದ ಬಂದು ಬಾಗಿಲಲ್ಲಿ ಕೂರುದು, ನಾನು ನಿಮ್ಮಲ್ಲಿ ಗುಳಿ ಎಣಿಸುದು. ಒಂದಿನ ನಾಚಿಕೆಯಾಗಿ ವಸಂತನ ಹತ್ರ ಹೇಳಿದೆ, ಇದಕ್ಕೊಂದು ಚಿಲಕ ಹಾಕು ಮಾರಾಯ, ನನ್ನ ಕೈ ನಿಲ್ಲುದಿಲ್ಲ ಅಂತ. ನಿನಗೆ ಹೇಳ್ಬೇಡ ಅಂತಲೂ ನಾನೇ ಹೇಳಿದ್ದು. ಅವನು ಹೇಳ್ಲಿಲ್ಲ ನೋಡು, ಒಳ್ಳೆಯವ."

ಜಯಲತಾ ಅವರಿಗೆ ನಗು ತಡೆಯಲಾಗಲಿಲ್ಲ. ವಿಶ್ರುತ ಮೊದಲೇ ನಗುತ್ತಿದ್ದಳು. ವಾರಿಜಕ್ಕ ಮಾತ್ರ ನಗಲಿಲ್ಲ. ಪರದೆಯನ್ನು ನೋಡಿದರು, ಟಿಕಲಿಗಳ ಮೇಲಿದ್ದ ತಮ್ಮ ಬೆರಳನ್ನು ನೋಡಿದರು.

"ಮುಚ್ಚಲಾ ಅಕ್ಕಾ?" ತಂಗಿ ಕೇಳಿದರು. ಬೀಗ ಅಕ್ಕನದು, ಈಗ ಬೇಡವೆಂದರೆ ಬೇಡವೇ.

ವಾರಿಜಕ್ಕ ಬೆರಳನ್ನು ಟಿಕಲಿಯಿಂದ ತೆಗೆಯಲಿಲ್ಲ.

"ಆಟಿ ಅಂದ್ರೆ ಎಂತ ಹೇಳು? ಹೊರಗೆ ಕಾಲಿಡ್ಲಿಕ್ಕಾಗದ ತಿಂಗಳು. ಗದ್ದೆ ಕೆಲಸ ಇಲ್ಲ, ದಾರಿ ಇಲ್ಲ, ಮಳೆ ನೋಡಿಕೊಂಡು ಒಳಗೆ ಕೂರುದು. ಅದಕ್ಕೇ ಆಗ ಆಡುದು. ನಾನು ಈ ಬಾಗಿಲು ದಾಟಿ ಎಷ್ಟು ದಿನ ಆಯ್ತು? ಹೊರಗೆ ಯಾವ ತಿಂಗಳಾದ್ರೂ ಇರ್ಲಿ. ನನಗೆ ಆಟಿಯೇ. ಆದ್ರೆ ಒಂದು ಮಾತು. ನನ್ನ ಕಾಲಲ್ಲಿ ನಾನು ಕೆಳಗೆ ಗೇಟಿನ ತನಕ ಹೋದ ದಿನ ಆಟಿ ಮುಗೀತು. ಅವತ್ತು ನೀನು ಬಂದು ಬೀಗ ಹಾಕ್ಬೇಕು. ಹಾಕ್ತಿಯಾ?"

"ಹಾಕ್ತೇನೆ."

"ಹಾಗಾದ್ರೆ ಹಿಂದೆ ನಿಂತು ಬಾಯಿ ಹಾಕ್ಬೇಡ," ಎಂದು ವಾರಿಜಕ್ಕ ಮೂಲೆಯ ಗುಳಿಯ ಟಿಕಲಿ ಒತ್ತಿದರು.

ಲ್ಯಾಪ್‌ಟಾಪ್ ಕಾಮೋಠೆ ಮನೆಯಲ್ಲೇ ಉಳಿಯಿತು. ಬೆಳಿಗ್ಗೆ ಕಾಫಿಯಾದ ಮೇಲೆ ಒಂದಾಟ, ಸಂಜೆ ಒಂದಾಟ. ಮೇಜಿನವರೆಗೆ ಬರಬೇಕಲ್ಲ, ಹಾಗಾಗಿ ಕಾಲೂ ನಡೆಯಿತು. ಬೆರಳು ಗಟ್ಟಿಯಾದಾಗ ಜಯಲತಾ ಕೀಲಿಗಳನ್ನು ಒಂದು ಸಾಲು ಮೇಲಕ್ಕೆ ಬದಲಿಸಿದರು, ಕೈ ಇನ್ನಷ್ಟು ಚಾಚಲಿ ಎಂದು. ವೇಗವನ್ನೂ ಒಂದೊಂದು ಚೂರು ಏರಿಸುತ್ತಾ ಬಂದರು. "ಮಿಷನ್ ಚುರುಕಾಗಿದೆ, ನೀನೇನೋ ಮಾಡಿದ್ದಿ," ಎಂದು ವಾರಿಜಕ್ಕ ಗೊಣಗಿದರು. ಫಿಜಿಯೋದ ಹುಡುಗಿ ಚೆಂಡು ಕೊಟ್ಟರೆ ಈಗ ಹಿಂಡಿ ವಾಪಸ್ಸು ಕೊಡುತ್ತಿದ್ದರು. ಗೆಲ್ಲುವುದು ಅಪರೂಪ. ಸೋತ ದಿನ ಫೋನ್ ಮಾಡಿ ತೀರಿಹೋದ ವಸಂತನನ್ನು ತಂಗಿಯ ಹತ್ತಿರ ಬೈಯುತ್ತಿದ್ದರು, ಯಂತ್ರಕ್ಕೆ ಇಷ್ಟು ಬುದ್ಧಿ ಯಾಕೆ ಕೊಟ್ಟ ಎಂದು. ಜಯಲತಾ ಪಾತ್ರೆ ತೊಳೆಯುತ್ತಾ ಕೇಳುತ್ತಿದ್ದರು. ಅವರಿಗೆ ಅದಕ್ಕಿಂತ ಇಂಪಾದದ್ದು ಆ ಹೊತ್ತಿನಲ್ಲಿ ಬೇರೇನೂ ಬೇಕಿರಲಿಲ್ಲ.

ಯುಗಾದಿ ಕಳೆದು ಕೆಲವು ದಿನಕ್ಕೆ ವಿಶ್ರುತ ಫೋನ್ ಮಾಡಿದಳು.

"ಸಣ್ಣತ್ತಿ, ಒಂದು ಕಂಪ್ಲೇಂಟ್ ಐತ್ರಿ. ಅತ್ತಿ ಹೇಳದ ಕೇಳದ ಲಿಫ್ಟಿನ್ಯಾಗ ಇಳದು, ಗೇಟ್ ತನಕಾ ಹೋಗಿ, ಭಾಜಿವಾಲಾನ ಕೂಡ ಜಗಳಾ ತಗದಾರ. ಕೊತ್ತಂಬರಿ ಬಾಡೈತಂತ. ಅವನಿಗೆ ಕನ್ನಡ ಬರಂಗಿಲ್ಲ, ಇವರಿಗೆ ಮರಾಠಿ ಬರಂಗಿಲ್ಲ. ವಾಚ್‌ಮನ್ ನನ್ನ ಕರದಾನ."

"ಕೊತ್ತಂಬರಿ ತಗೊಂಡ್ಲಾ?"

"ಪುಕ್ಕಟೆ ತೊಗೊಂಡ್ರು ನೋಡ್ರಿ. ಬಲಗೈಯಾಗ ಹಿಡಕೊಂಡ ಮ್ಯಾಲೆ ಬಂದ್ರು."

ಮರುದಿನವೇ ಜಯಲತಾ ಹೊರಟರು. ವಾರಿಜಕ್ಕ ಸೀರೆಯುಟ್ಟು ತಲೆ ಬಾಚಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಮಣೆ ತೆರೆದಿರಲಿಲ್ಲ. "ಬಂದಿಯಾ? ಹಾಕು ಬೀಗ," ಅಂದರು.

"ಅತ್ತಿ, ನಂದು ಒಂದು ಆಟ ಅರ್ಧಾ ಉಳದೈತ್ರಿ," ವಿಶ್ರುತ ಮೆಲ್ಲನೆ ಹೇಳಿದಳು. ಅವಳಿಗೂ ಹುಚ್ಚು ಹತ್ತಿದೆ ಎಂಬುದು ಜಯಲತಾ ಅವರಿಗೆ ಗೊತ್ತಾದದ್ದು ಆಗ.

"ನಿನಗೆಂತ ಆಟಿ? ದಿನಾ ಬೇಲಾಪುರದ ಆಫೀಸಿಗೆ ಹೋಗಿ ಬರ್ತಿ. ಆಟಿ ಬರ್ಲಿ, ನಿನಗೆ ಮರದ ಮಣೆಯಲ್ಲೇ ಕಲಿಸ್ತೇನೆ. ನೀನು ನನಗೆ ಸೊಸೆ. ತಂಗಿ ಅಲ್ಲ. ನಿನ್ನೊಟ್ಟಿಗೆ ಆಡ್ಲಿಕ್ಕುಂಟು."

ಜಯಲತಾ ಸೆಟ್ಟಿಂಗಿನ ಫೈಲ್ ತೆರೆದು ಕೊನೆಗೆ ಹೋದರು. ತಾರೀಖಿನ ಸಾಲನ್ನು ಅಳಿಸಲಿಲ್ಲ. ಸಾಲಿನ ಮುಂದೆ ಮೂರಕ್ಷರ ಸೇರಿಸಿದರೆ ಯಂತ್ರ ಅದನ್ನು ಓದದೆ ದಾಟಿ ಹೋಗುತ್ತದೆ ಎಂಬುದನ್ನು ಅವರು ಆ ವಿವರಣೆಗಳಲ್ಲೇ ಕಲಿತಿದ್ದರು. ಆ ಮೂರಕ್ಷರ ಸೇರಿಸಿ ಉಳಿಸಿದರು, ಲ್ಯಾಪ್‌ಟಾಪ್ ಮುಚ್ಚಿದರು. ಯಾರಿಗೆ ಯಾವಾಗ ಆಟಿ ಬರುತ್ತದೋ ದೇವರಿಗೆ ಗೊತ್ತು.

"ಆಯ್ತಾ? ಸರಿ, ಚಪ್ಪಲಿ ಹಾಕು," ಎಂದು ವಾರಿಜಕ್ಕ ಎದ್ದರು. ಒಂದು ಕೈ ತಂಗಿಯ ತೋಳಿನ ಮೇಲೆ, ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ. ಲಿಫ್ಟ್ ಇಳಿದರು, ಅಂಗಳ ದಾಟಿದರು. ವಾಚ್‌ಮನ್ ಎದ್ದು ನಿಂತು ನಮಸ್ಕಾರ ಮಾಡಿದ. ಗೇಟಿನ ಹತ್ತಿರ ಜಯಲತಾ ನಿಧಾನಿಸಿದರು, ಅಕ್ಕ ಇಲ್ಲಿಂದ ತಿರುಗುತ್ತಾರೆ ಎಂದುಕೊಂಡು. ವಾರಿಜಕ್ಕ ತಿರುಗಲಿಲ್ಲ. ಬೀದಿಯ ಎರಡೂ ಕಡೆ ನೋಡಿ, ರಿಕ್ಷಾ ಹೋಗಲು ಬಿಟ್ಟು, ತಂಗಿಯ ತೋಳನ್ನು ಎಳೆದುಕೊಂಡೇ ಆಚೆ ಬದಿಗೆ ನಡೆದರು.